ಹೊಳ್ಳಸು ಎಂದಿದ್ದರು ಮೌಶಿ

ಮೌಶಿಯ ಬಲಗೈ ನಡುಬೆರಳಿನ ತುದಿ ಒಣ ಬಟಾಣಿಯ ಹಾಗೆ ಗಟ್ಟಿಯಾಗಿತ್ತು. ಐವತ್ತು ವರ್ಷ ಸೂಜಿಯ ಹಿಂಬದಿಯನ್ನು ಅದೇ ಬೆರಳಿನಿಂದ ಒತ್ತಿ ಒತ್ತಿ ಅಲ್ಲಿ ಸಾಸಿವೆ ಕಾಳಿನಷ್ಟು ಕುಳಿಗಳು ಬಿದ್ದಿದ್ದವು. ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆಯನ್ನು ಯಾರಾದರೂ ಕೊಟ್ಟರೆ, "ಇದನ್ನ ಹಾಕ್ಕೊಂಡ್ರ ಅರಿವಿ ಏನ ಹೇಳ್ತೈತಿ ಅಂತ ಬೆರಳಿಗೆ ಕೇಳಸಂಗಿಲ್ಲ" ಎಂದು ವಾಪಸ್ ಕೊಟ್ಟುಬಿಡುತ್ತಿದ್ದರು. ಅರಿವಿ ಎಂದರೆ ಬಟ್ಟೆ. ಅವರ ಶಬ್ದಗಳನ್ನು ನಾನು ಹೀಗೆ ಒಂದೊಂದಾಗಿ ಕಲಿತೆ. ಯಾವ ಶಬ್ದವನ್ನು ಯಾವ ದಿನ ಕಲಿತೆ ಎನ್ನುವುದು ನನಗೆ ಬೇಕಾದ್ದಕ್ಕಿಂತ ಹೆಚ್ಚು ಚೆನ್ನಾಗಿ ನೆನಪಿದೆ.

ಸಿಡ್ನಿಯ ಗಿರಾವೀನ್‌ನಲ್ಲಿ ಅವರ ಮನೆಯ ಗ್ಯಾರೇಜೇ ಅವರ ಅಂಗಡಿ. ಗದಗದ ಕಡೆಯವರು. ಗಂಡನಿಗೆ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿ ಎಷ್ಟೋ ವರ್ಷಗಳ ಹಿಂದೆ ಬಂದವರು. ಗಂಡ ತೀರಿಕೊಂಡ ಮೇಲೂ ಅಂಗಡಿ ಮುಚ್ಚಲಿಲ್ಲ. ಶಾಲೆಯ ಸಮವಸ್ತ್ರದ ಅಂಚು ಇಳಿಸುವುದು, ಪ್ಯಾಂಟಿನ ಸೊಂಟ ಸಡಿಲಿಸುವುದು, ಮದುವೆಯ ಸೀಸನ್ನಿನಲ್ಲಿ ಬ್ಲೌಸು. ನಾನು ಎಪ್ಪಿಂಗ್‌ನ ಅಪಾರ್ಟ್‌ಮೆಂಟಿನಿಂದ ಅಲ್ಲಿಗೆ ಹೋದದ್ದೂ ಬ್ಲೌಸಿಗಾಗಿಯೇ.

"ಆಂಟಿ, ಇದನ್ನ ಸ್ವಲ್ಪ ಲೂಸ್ ಮಾಡ್ಲಿಕ್ಕೆ ಆಗ್ತದಾ? ಬಿಗಿಯಾಗಿದೆ."

ಅವರು ಬ್ಲೌಸನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಬ್ಲೌಸ್ ಹೆಂಗಿತ್ತೋ ಹಂಗ ಐತಿ. ನೀ ದಪ್ಪ ಆಗೀ. ಅರಿವೀಗೆ ಯಾಕ ಬೈತಿ?"

ನಾನು ನಕ್ಕೆ. ಅವರು ನಗಲಿಲ್ಲ. ಅಳತೆ ಟೇಪನ್ನು ನನ್ನ ಕಂಕುಳಲ್ಲಿ ತೂರಿಸುತ್ತ, "ಮತ್ತ ಆಂಟಿ ಅನಬ್ಯಾಡ. ಇಲ್ಲಿ ಟೊಮ್ಯಾಟೊ ಮಾರಾವನೂ ಆಂಟಿ ಅಂತಾನ. ಮೌಶಿ ಅನ್ನು" ಎಂದರು. ಅವರ ಕಡೆ ತಾಯಿಯ ತಂಗಿಯನ್ನು ಹಾಗೆ ಕರೆಯುತ್ತಾರೆ. ನಾನು ಉಡುಪಿಯವಳು, ಮನೆಮಾತು ತುಳು. ಕನ್ನಡ ಶಾಲೆಯಲ್ಲಿ ಕಲಿತದ್ದು. ನಮ್ಮಿಬ್ಬರ ಕನ್ನಡ ಒಂದೇ ಭಾಷೆ ಎನ್ನುವುದನ್ನು ನಾವಿಬ್ಬರೂ ಸ್ವಲ್ಪ ಅನುಮಾನದಿಂದಲೇ ಒಪ್ಪಿಕೊಂಡಿದ್ದೆವು.

ಹತ್ತಿರದ ಕಮ್ಯುನಿಟಿ ಹಾಲ್‌ನಲ್ಲಿ ಶನಿವಾರ ಬೆಳಿಗ್ಗೆ ಹತ್ತು ಹನ್ನೆರಡು ಹೆಂಗಸರು ಕ್ವಿಲ್ಟ್ ಹೊಲಿಯಲು ಸೇರುತ್ತಿದ್ದರು. ಬಟ್ಟೆಯ ತುಂಡುಗಳನ್ನು ಜೋಡಿಸಿ ಮಾಡುವ ಹೊದಿಕೆ, ನಮ್ಮ ಕೌದಿಯ ಇಲ್ಲಿನ ನೆಂಟ. ಮೌಶಿ ಮೊದಲಿನಿಂದಲೂ ಆ ಗುಂಪಿನಲ್ಲಿದ್ದರು. ಆ ವರ್ಷ ಗುಂಪನ್ನು ನಡೆಸುವಾಕೆ ಒಂದು ಯೋಜನೆ ಹಾಕಿದಳು. ತಿಂಗಳಿಗೊಂದು ಚೌಕ, ವರ್ಷಕ್ಕೆ ಹನ್ನೆರಡು. ತಿಂಗಳ ಮೊದಲ ಶನಿವಾರ ಪ್ರತಿಯೊಬ್ಬರಿಗೂ ಒಂದು ಲಕೋಟೆ. ಅದರಲ್ಲಿ ಚೌಕದ ನಮೂನೆ, ಜೊತೆಗೆ ಒಂದು ಪುಟದ ಕಥೆ. ಹಿಂದೆ, ಊರು ರಸ್ತೆ ಏನೂ ಇಲ್ಲದ ಕಾಲದಲ್ಲಿ ಇಂಗ್ಲೆಂಡಿನಿಂದಲೋ ಐರ್ಲೆಂಡಿನಿಂದಲೋ ಬಂದು ಈ ದೇಶದ ಕಾಡಂಚಿನಲ್ಲಿ ಸಂಸಾರ ಹೂಡಿದ ಒಬ್ಬ ಹೆಂಗಸಿನ ಕಥೆ. ಡಿಸೆಂಬರಿಗೆ ಕಥೆಯ ಹನ್ನೆರಡು ಹೆಂಗಸರು ಸೇರಿ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಹೊದಿಕೆ.

ಮೌಶಿಗೆ ಇಂಗ್ಲಿಷ್ ಓದುವುದು ನಿಧಾನ. ನನ್ನನ್ನು ಕರೆದುಕೊಂಡು ಹೋದದ್ದು ಅದಕ್ಕಾಗಿ. "ನೀ ಓದಿ ಹೇಳು, ನಾ ಹೊಲಿಯೂದು ಕಲಸ್ತೀನಿ. ಕಾಲೇಜು ಕಲ್ತಾಕಿ ಒಂದ ಗುಂಡಿ ಹಚ್ಚಾಕ ಬರಂಗಿಲ್ಲ ಅಂದ್ರ ಹೆಂಗವಾ?"

ಮೊದಲ ದಿನ ಎರಡು ತುಂಡುಗಳನ್ನು ಜೋಡಿಸಿ ಒಂದು ಸಾಲು ಹೊಲಿಸಿ, "ಈಗ ಹೊಳ್ಳಸು" ಎಂದರು. ನಾನು ಸೂಜಿ ಹಿಡಿದು ಕೂತೇ ಇದ್ದೆ.

"ಹೊಳ್ಳಸು ಅಂದೆ."

"ಎಂತ ಮೌಶಿ?"

"ಹೊಳ್ಳಸೂ!"

"ಹೊಳ್ಳ ಅಂದ್ರೆ ನಮ್ಮ ಊರಲ್ಲಿ ಮನೆತನದ ಹೆಸರು. ನನ್ನ ಕ್ಲಾಸಲ್ಲೇ ಮೂರು ಜನ ಹೊಳ್ಳರಿದ್ದರು."

ಮೌಶಿ ನಕ್ಕ ರಭಸಕ್ಕೆ ಮೇಜಿನ ಮೇಲಿದ್ದ ಪಿನ್ನುಗಳ ಡಬ್ಬಿ ಉರುಳಿತು. ಸುತ್ತ ಕೂತ ಹೆಂಗಸರೆಲ್ಲ ತಲೆ ಎತ್ತಿದರು. "ಹಂಗಾರ ಮೂರೂ ಮಂದೀನ ಕರಸು. ಈ ಅರಿವಿ ಹೊಳ್ಳಸಿ ಕೊಟ್ಟು ಚಹಾ ಕುಡದು ಹೋಗಲಿ." ಆಮೇಲೆ ನನ್ನ ಕೈಯಿಂದ ತುಂಡನ್ನು ಕಸಿದು ಒಳಮೈಯನ್ನು ಹೊರಗೆ ಮಾಡಿ ತೋರಿಸಿದರು. "ಹೊಳ್ಳಿ ಬಾ ಅಂದ್ರ ತಿರುಗಿ ಬಾ. ಹೊಳ್ಳಸು ಅಂದ್ರ ತಿರುಗಸು. ಅರಿವಿ ಇರಲಿ, ರೊಟ್ಟಿ ಇರಲಿ, ಗಾಡಿ ಇರಲಿ. ತಿಳೀತೇನ್ರೀ ಹೊಳ್ಳರ?"

ತಿಳಿಯಿತು ಎಂದೆ. ಅಂದಿನಿಂದ ನನ್ನ ಹೊಲಿಗೆ ತಪ್ಪಿದಾಗಲೆಲ್ಲ ನಾನು ಹೊಳ್ಳರು.

ಕಥೆ ಓದುವಾಗ ಮೌಶಿ ಸುಮ್ಮನೆ ಕೇಳುವವರಲ್ಲ. ಮೊದಲ ತಿಂಗಳಿನದು ಕುರಿ ಕಾಯುವವನ ಹೆಂಡತಿಯ ಕಥೆ. ಮರದ ತೊಗಟೆ ಹೊದಿಸಿದ ಗುಡಿಸಲಿನಲ್ಲಿ ಮೂರು ಮಕ್ಕಳನ್ನು ಕಟ್ಟಿಕೊಂಡು ಏಳು ತಿಂಗಳು ಒಬ್ಬಳೇ ಇದ್ದಳಂತೆ.

"ಏಳ ತಿಂಗಳ ಗಂಡ ಎಲ್ಲಿ ಹೋಗಿದ್ದ?"

"ಕುರಿ ಹಿಂದೆ ಮೌಶಿ."

"ಕುರಿ ಸಂಜೀಕ ಹೊಳ್ಳಿ ಬರ್ತಾವ. ಈತಗ ಏನಾಗಿತ್ತು ಧಾಡಿ?"

ಮೂರನೆಯ ತಿಂಗಳಲ್ಲಿ ಅವರು ಕೇಳಿದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ, ಗುಂಪಿನಲ್ಲಿ ಯಾರೂ ಕೇಳಿರಲಿಲ್ಲ. ನದಿಯ ದಂಡೆಯಲ್ಲಿ ಮೊದಲು ಮನೆ ಕಟ್ಟಿದಳು ಎಂದು ಪುಟದಲ್ಲಿತ್ತು. "ಮೊದಲು ಅಂದ್ರ? ಈಕಿಗಿಂತ ಮೊದಲ ಅಲ್ಲಿ ಯಾರೂ ಇರಲಿಲ್ಲೇನ?" ನಾನು ಪುಟ ತಿರುಗಿಸಿ ನೋಡಿದೆ. ಏನೂ ಇರಲಿಲ್ಲ. ಮೌಶಿ ಎದ್ದು ಗುಂಪಿನ ಮುಖ್ಯಸ್ಥೆಯ ಹತ್ತಿರ ಹೋಗಿ ತಮ್ಮ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು, "ಬಿಫೋರ್ ದಿಸ್ ಲೇಡಿ ಕಮ್, ಹೂ ದೇರ್?" ಆಕೆಯ ಕತ್ತು ಕೆಂಪಾಯಿತು. ಆದರೆ ಒಳ್ಳೆಯ ಹೆಂಗಸು. ಮುಂದಿನ ತಿಂಗಳ ಲಕೋಟೆಯಲ್ಲಿ ಎರಡು ಪುಟಗಳಿದ್ದವು. ಎರಡನೆಯದು ಆ ನೆಲದ ಮೂಲ ಹೆಂಗಸರದು, ಹೊಸಬರಿಗೆ ಸಿಹಿನೀರು ಎಲ್ಲಿದೆ ಎಂದು ತೋರಿಸಿಕೊಟ್ಟವರದು. ಮೌಶಿ ತಮ್ಮ ನದಿಯ ಚೌಕವನ್ನು ಬಿಚ್ಚಿ, ಅಂಚಿನುದ್ದಕ್ಕೂ ಮಣ್ಣುಬಣ್ಣದ ತುಂಡುಗಳ ಒಂದು ಸಾಲು ಸೇರಿಸಿ ಮತ್ತೆ ಹೊಲಿದರು. ನಮೂನೆಯಲ್ಲಿ ಇರದ ಸಾಲು. ಅಳತೆ ಹೆಚ್ಚಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ, "ಆಗ್ಲಿ ಬಿಡು, ಉಳಿದೋರು ಸ್ವಲ್ಪ ಸರದು ಕೂಡ್ರಲಿ" ಎಂದರು. ನಾನು ಅದನ್ನು ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳಿದೆ.

ಮೌಶಿಯ ತಾಯಿ ಕೌದಿ ಹೊಲಿಯುವಾಗ ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ರೊಟ್ಟಿ, ಒಂದು ಚಿಟಿಕೆ ಸಕ್ಕರೆ ಒಳಗಿಡುತ್ತಿದ್ದರಂತೆ. ಕೌದಿ ಹಸಿದುಕೊಂಡಿರಬಾರದಂತೆ. ತಮ್ಮ ಕ್ವಿಲ್ಟಿಗೂ ಹಾಗೇ ಮಾಡುವುದಾಗಿ ಹೇಳಿದಾಗ ಮುಖ್ಯಸ್ಥೆ ಗಾಬರಿಯಾದಳು. ಇರುವೆ ಬರುತ್ತದಲ್ಲ!

"ಲಿಟಲ್ ಓನ್ಲಿ," ಎಂದರು ಮೌಶಿ. "ಆಂಟ್ ಆಲ್ಸೋ ಈಟ್."

ಆಕೆಗೆ ಅದು ಎಷ್ಟು ಹಿಡಿಸಿತೆಂದರೆ, ಹನ್ನೊಂದನೆಯ ತಿಂಗಳ ಪ್ರವಾಸದಲ್ಲಿ ಮೌಶಿ ಹತ್ತು ನಿಮಿಷ ಕೌದಿಯ ಬಗ್ಗೆ ಮಾತಾಡಬೇಕೆಂದು ಕೇಳಿಕೊಂಡಳು. ಸಿಡ್ನಿಯ ಹೊರವಲಯದಲ್ಲಿ, ಹಾಕ್ಸ್‌ಬರಿ ನದಿಯ ಆಚೆ, ಒಂದು ಸಣ್ಣ ಊರಿನ ಹಳೆಯ ಕಟ್ಟಡದಲ್ಲಿ ಆ ಕಥೆಗಳ ಕಾಲದ ಒಂದು ಕ್ವಿಲ್ಟ್ ಇಟ್ಟಿದ್ದಾರೆ. ಅದನ್ನು ನೋಡಲು ಎಲ್ಲರೂ ಹೋಗುವುದು, ಅಲ್ಲೇ ಮೌಶಿಯ ಮಾತು. ಅವರು ಕನ್ನಡದಲ್ಲಿ, ನಾನು ಇಂಗ್ಲಿಷಿನಲ್ಲಿ. ಮೌಶಿ ಎರಡು ವಾರ ಅಭ್ಯಾಸ ಮಾಡಿದರು. ಹೊಲಿಗೆ ಯಂತ್ರದ ಮುಂದೆ ಕೂತು ಗೋಡೆಗೆ ಭಾಷಣ ಮಾಡುವುದನ್ನು ನಾನೇ ಕಂಡಿದ್ದೇನೆ.

ಆ ಶನಿವಾರ ನಾನು ನಲವತ್ತು ನಿಮಿಷ ತಡ ಮಾಡಿದೆ. ಆಫೀಸಿನ ಒಂದು ಕಾಲ್ ಮುಗಿಯಲೇ ಇಲ್ಲ. ಮುಗಿಯಲಿಲ್ಲ ಎನ್ನುವುದಕ್ಕಿಂತ ನಾನು ಮುಗಿಸಲಿಲ್ಲ. ಉಳಿದವರು ಬೇರೆ ಕಾರುಗಳಲ್ಲಿ ಆಗಲೇ ಹೋಗಿಬಿಟ್ಟಿದ್ದರು. ಮೌಶಿ ಇಳಕಲ್ ಸೀರೆ ಉಟ್ಟು, ಹನ್ನೊಂದು ಚೌಕಗಳ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಗ್ಯಾರೇಜಿನ ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದರು. "ಬಂದ್ರೇನ್ರೀ ಹೊಳ್ಳರ" ಎಂದಷ್ಟೇ ಅಂದರು.

ಮೂರು ದಿನ ಮಳೆ ಹೊಡೆದು ಅಂದು ಬಿಸಿಲು ಬಿದ್ದಿತ್ತು. ದೊಡ್ಡ ರಸ್ತೆ ಬಿಟ್ಟು ಒಳಗೆ ಹೋದ ಮೇಲೆ ದಾರಿ ಒಂದು ಹಳ್ಳಕ್ಕೆ ಇಳಿಯುತ್ತದೆ. ಅಲ್ಲಿ ಸೇತುವೆಯಿಲ್ಲ, ರಸ್ತೆಯೇ ಹಳ್ಳದ ಮೇಲೆ ಹಾದುಹೋಗುತ್ತದೆ. ಪಕ್ಕದಲ್ಲಿ ನೀರಿನ ಆಳ ತೋರಿಸುವ ಕಂಬ, ಹಳದಿ ಎಚ್ಚರಿಕೆಯ ಫಲಕ. ರಸ್ತೆಯ ಮೇಲೆ ಚಹಾದ ಬಣ್ಣದ ನೀರು ಹರಿಯುತ್ತಿತ್ತು. ನಾನು ಬ್ರೇಕ್ ಹಾಕಿದೆ. ಆಚೆಯಿಂದ ಒಂದು ಬಿಳಿ ಯೂಟ್, ಹಿಂದೆ ಸಾಮಾನು ಹೇರುವ ಎತ್ತರದ ಗಾಡಿ, ನಿಧಾನಕ್ಕೆ ನೀರು ಸೀಳಿಕೊಂಡು ಈಚೆ ಬಂತು. ಒಳಗಿದ್ದವನು ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರದಂತೆ ತೋರಿಸಿ ಹೋದ.

"ಗಾಡಿ ಹೊಳ್ಳಸು" ಎಂದರು ಮೌಶಿ.

"ಆ ಗಾಡಿ ಬಂತಲ್ಲ ಮೌಶಿ."

"ಅದರ ಗಾಲಿ ನೋಡು, ನಿನ್ನ ಗಾಲಿ ನೋಡು. ಹೊಳ್ಳಸವಾ."

"ಎಂತ ಆಗುದಿಲ್ಲ. ಈಗ ತಿರುಗಿಸಿದ್ರೆ ಸುತ್ತು ಬಳಸಿ ಇನ್ನೊಂದು ಗಂಟೆ. ನಿಮ್ಮ ಮಾತು ತಪ್ಪಿಹೋಗ್ತದೆ."

"ಮಾತು ಮುಂದಿನ ವಾರ ಆಡಿದ್ರಾತು. ಹೊಳ್ಳಸು."

ನಾನು ಬ್ರೇಕಿನಿಂದ ಕಾಲು ತೆಗೆದೆ. ಮುಂದಿನ ಗಾಲಿಗಳು ನೀರಿಗೆ ಇಳಿದಾಗ ಅವರು ನನ್ನ ಮುಂಗೈ ಹಿಡಿದು ನಾಲ್ಕನೆಯ ಸಲ ಅಂದರು. ದನಿ ಏರಿಸಲಿಲ್ಲ. "ತಂಗಿ, ಹೊಳ್ಳಸು."

ಮಧ್ಯಕ್ಕೆ ಬರುವ ಹೊತ್ತಿಗೆ ಸ್ಟೀರಿಂಗ್ ಹಗುರವಾಯಿತು. ಅದನ್ನು ಹೇಗೆ ಹೇಳುವುದು ಎಂದು ಇವತ್ತಿಗೂ ಗೊತ್ತಿಲ್ಲ. ಕೈಯಲ್ಲಿ ಹಿಡಿದದ್ದು ಯಾವುದಕ್ಕೂ ತಗಲಿಕೊಂಡಿಲ್ಲ ಎಂದು ತಿಳಿಯುವ ಕ್ಷಣ ಅದು. ಕಾರು ತಾನೇ ಅಡ್ಡ ತಿರುಗಿತು, ರಸ್ತೆಯ ಅಂಚು ಜಾರಿತು, ಕೆಳಗಿನ ಒಂದು ಮರದ ಬೊಡ್ಡೆಗೆ ಹೋಗಿ ಒರಗಿ ನಿಂತಿತು. ಎಂಜಿನ್ ಸತ್ತಿತು. ಬಾಗಿಲ ಬುಡದಿಂದ ನೀರು ಒಳಗೆ ಬಂದದ್ದು ಶಬ್ದವೇ ಇಲ್ಲದೆ. ನನ್ನ ಕಡೆಯ ಕಿಟಕಿ ಇಳಿಯಿತು, ಅವರದು ಇಳಿಯಲಿಲ್ಲ. ನಾನು ಕಿಟಕಿಯಿಂದ ತೂರಿ ಕಾರಿನ ಮೇಲೆ ಹತ್ತಿದೆ. ಮೊದಲು ನಾನೇ ಹತ್ತಿದೆ. ಮೌಶಿ ಬೆಲ್ಟ್ ಬಿಚ್ಚಿಕೊಂಡು ನನ್ನ ಸೀಟಿಗೆ ಸರಿದು ಕೈ ಚಾಚಿದರು. ಬಲಗೈ. ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಅವರ ಭುಜದಲ್ಲಿ ಏನೋ ಕಿತ್ತುಬಂದದ್ದು ನನ್ನ ಅಂಗೈಗೆ ತಿಳಿಯಿತು. "ಯವ್ವಾ" ಎಂದರು. ಕೈ ಬಿಟ್ಟೆ.

ಯೂಟಿನವನು ಕನ್ನಡಿಯಲ್ಲಿ ನೋಡಿ ವಾಪಸ್ ಬಂದಿದ್ದ. ದಡದಿಂದ ಹಗ್ಗ ಎಸೆದ, ಫೋನ್ ಮಾಡಿದ, ಹಿಡಿದುಕೊಂಡಿರಿ ಎಂದು ಕೂಗುತ್ತಲೇ ಇದ್ದ. ಪ್ರವಾಹ ರಕ್ಷಣೆಯ, ಕಿತ್ತಳೆ ಬಟ್ಟೆಯ ಸ್ವಯಂಸೇವಕರು ದೋಣಿ ತರುವ ತನಕ, ಸುಮಾರು ಅರ್ಧ ಗಂಟೆ, ಮೌಶಿ ಕಿಟಕಿಯಿಂದ ಎದೆ ಹೊರಗೆ ಹಾಕಿ ಕೂತಿದ್ದರು. ನಾನು ಮೇಲೆ ಬೋರಲು ಮಲಗಿ ಅವರ ಎಡಗೈ ಹಿಡಿದಿದ್ದೆ. ನಾನು ಅಳುತ್ತಿದ್ದೆ.

"ಅಳಬ್ಯಾಡ. ನಿನ್ನ ಕಣ್ಣೀರು ಬ್ಯಾರೆ ಸೇರಿ ನೀರು ಏರ್ತೈತಿ" ಎಂದರು. ಹಲ್ಲು ಕಟಕಟ ಅನ್ನುತ್ತಿದ್ದವು. "ಈ ತಿಂಗಳ ಹೆಂಗಸಿನ ಕಥಿ ಹೇಳು. ಇನ್ನಾ ಓದಿ ಹೇಳಿಲ್ಲ ನೀ."

ಆ ತಿಂಗಳಿನದು ಒಬ್ಬ ಸೂಲಗಿತ್ತಿಯ ಕಥೆ. ಹೆರಿಗೆಗೆ ಕರೆ ಬಂದಾಗ ಕುದುರೆಯ ಮೇಲೆ ತುಂಬಿದ ಹಳ್ಳ ದಾಟಿ ಹೋದವಳು. ನನಗೆ ನೆನಪಿದ್ದಷ್ಟನ್ನು ತೊದಲುತ್ತ ಹೇಳಿದೆ. ಮೌಶಿ ಕಣ್ಣು ಮುಚ್ಚಿ ಕೇಳಿ, ಕೊನೆಗೆ, "ಆಕಿ ಕುದರಿ ಶಾಣ್ಯಾ ಇತ್ತು ಬಿಡು" ಎಂದರು.

ನೀರಿನ ನಡುವೆ ಇಬ್ಬರೂ ನಕ್ಕೆವು. ಆ ನಗು ಈಗ ನಿದ್ದೆಯಲ್ಲಿ ಕೇಳಿದರೂ ಎಚ್ಚರವಾಗುತ್ತದೆ. ಮಳೆ ಬಂದ ದಿನ ಕಾರಿನ ಗಾಲಿ ಒಂದು ಸಣ್ಣ ಗುಂಡಿಯ ನೀರಿಗೆ ಇಳಿದರೂ ನನ್ನ ಅಂಗೈಯಲ್ಲಿ ಸ್ಟೀರಿಂಗ್ ಹಗುರವಾಗುತ್ತದೆ. ರಸ್ತೆ ಬದಿಗೆ ನಿಲ್ಲಿಸಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತೇನೆ. ಮೊದಲು ನಾನು ಹೊರಗೆ ಬಂದೆ ಎನ್ನುವುದಕ್ಕೆ ನನಗೆ ಅಷ್ಟು ನಾಚಿಕೆಯಿಲ್ಲ. ಅದು ದೇಹ ತಾನಾಗಿ ಮಾಡಿದ ಕೆಲಸ. ನನ್ನ ನಾಚಿಕೆ ಆಸ್ಪತ್ರೆಯಲ್ಲಿ, ಮೈ ಒಣಗಿದ ಮೇಲೆ, ಕೈಯಲ್ಲಿ ಬಿಸಿ ಚಹಾ ಇದ್ದಾಗ ಮಾಡಿದ ಕೆಲಸದ್ದು.

ಚಿಕ್ಕ ವಯಸ್ಸಿನ ಪೊಲೀಸ್ ಹುಡುಗಿ ಒಬ್ಬಳು ಬಂದು ಪ್ರಶ್ನೆ ಕೇಳಿದಳು. ಫಲಕ ನೋಡಿದಿರಾ? ನೋಡಿದೆ. ಪಕ್ಕದಲ್ಲಿದ್ದವರು ನಿಲ್ಲಿಸಲು ಹೇಳಿದರಾ?

ನನ್ನ ಪಿಆರ್ ಅರ್ಜಿ, ಇಲ್ಲೇ ಕಾಯಂ ನೆಲೆಸುವ ಅನುಮತಿಯದು, ಆಗಿನ್ನೂ ನಡೆಯುತ್ತಿತ್ತು. ಪೊಲೀಸ್ ದಾಖಲೆಯಲ್ಲಿ ಏನಾದರೂ ಬಿದ್ದರೆ ಎಂಬ ಹೆದರಿಕೆ ಇತ್ತು. ಎಷ್ಟೋ ದಿನ ಅದನ್ನೇ ಕಾರಣ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಓದಿದವಳು, ದೊಡ್ಡವರು ನಾಲ್ಕು ಸಲ ಬೇಡವೆಂದರೂ ನೀರಿಗೆ ಇಳಿದಳು ಎನ್ನಿಸಿಕೊಳ್ಳಲು ನನಗೆ ಆಗಲಿಲ್ಲ.

"ಅವರು ಏನೋ ಹೇಳಿದರು," ಎಂದೆ. "ಅವರದು ಬೇರೆ ಸೀಮೆಯ ಕನ್ನಡ. ನನಗೆ ಆ ಶಬ್ದ ಅರ್ಥವಾಗಲಿಲ್ಲ."

ಆಕೆ ಅನುಕಂಪದಿಂದ ತಲೆಯಾಡಿಸಿ ಬರೆದುಕೊಂಡಳು. ಮುಂದೆ ದಂಡ ಹಾಕಿ, ಎಚ್ಚರಿಕೆ ಕೊಟ್ಟು ಬಿಟ್ಟರು. ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯವಾಯಿತು.

ಸಂಜೆ ಮೌಶಿಯ ಮಗಳು ಮೆಲ್ಬೋರ್ನಿನಿಂದ ವಿಮಾನ ಹತ್ತಿ ಬಂದಳು. ಅಲ್ಲಿನ ಗ್ಲೆನ್ ವೇವರ್ಲಿಯಲ್ಲಿ ಸಂಸಾರ, ಈ ದೇಶದಲ್ಲೇ ಶಾಲೆ ಕಲಿತು ಬೆಳೆದವಳು. ಏನಾಯಿತು ಎಂದು ಕೇಳಿದಳು. ಎರಡನೆಯ ಸಲ ಆ ಸುಳ್ಳು ಇನ್ನೂ ಸಲೀಸಾಗಿ ಬಂತು. ಮೌಶಿಯ ಹಾಸಿಗೆಯ ಪಕ್ಕದಲ್ಲೇ ನಿಂತು ಹೇಳಿದೆ, ಅವರು ಮಂಪರಿನಲ್ಲಿದ್ದಾರೆ ಅಂದುಕೊಂಡು.

ಮಗಳು ತಾಯಿಯ ಕಡೆ ತಿರುಗಿದಳು. ಹೆದರಿಕೆಯೆಲ್ಲ ಸಿಟ್ಟಾಗಿ ಹೊರಗೆ ಬಂತು. "ಅಮ್ಮಾ, ಎಷ್ಟ ಸಲ ಹೇಳೀನಿ ನಿನಗ? ಮಂದಿ ಜೋಡಿ ಇದ್ದಾಗ ಇಂಗ್ಲಿಷ್ ಮಾತಾಡು ಅಂತ? ಸ್ಟಾಪ್ ಅನ್ನಾಕ ಏನಾಗಿತ್ತು? ಒಂದ ವರ್ಡ್, ಅಮ್ಮಾ! ನಿನ್ನ ಆ ಹಳ್ಳಿ ಭಾಷಾದಿಂದ ಇಬ್ಬರೂ ಸಾಯ್ತಿದ್ರಿ."

ಮೌಶಿ ಕಣ್ಣು ತೆರೆದಿದ್ದರು. ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ತಂದ ಬಟ್ಟೆಯ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರಲ್ಲ, ಹಾಗೆ ನೋಡಿದರು. ನಾನೀಗ ಬಾಯಿ ಬಿಡುತ್ತೇನೆಂದು ಕಾದರೋ ಏನೋ. ನಾನು ಕಿಟಕಿಯ ಪರದೆ ಸರಿಮಾಡಿದೆ.

"ಹೌದವಾ," ಎಂದರು ಮಗಳಿಗೆ. "ನನ್ನ ಮಾತು ಈಕಿಗೆ ತಿಳೀಲಿಲ್ಲ. ನಂದ ತಪ್ಪು. ಸಾರಿ."

ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ, ಬೆರಳಿಗೆ ಸೂಜಿ ಹಿಡಿಯುವ ಬಲ ಬರಲಿಲ್ಲ. ಗ್ಯಾರೇಜು ಮುಚ್ಚಿತು. ಮಗಳು ಅವರನ್ನು ಮೆಲ್ಬೋರ್ನಿಗೆ ಕರೆದುಕೊಂಡು ಹೋದಳು. ಹೋಗುವ ಮುಂಚೆ ಫೋನ್ ಮಾಡಿದೆ. ಆ ಕಡೆಯಿಂದ, "ನೀವು ಹೇಗಿದ್ದೀರಿ? ಊಟ ಆಯಿತೇ?" ಎಂದರು.

ಯಾರೋ ಬೇರೆಯವರು ಫೋನ್ ಎತ್ತಿದ್ದಾರೆಂದು ತಿಳಿದೆ. ಪಠ್ಯಪುಸ್ತಕದ ಕನ್ನಡ. ಒಂದೊಂದೇ ಶಬ್ದವನ್ನು ಒರೆಸಿ ಇಟ್ಟಂತೆ. ತಮಾಷೆಗೆ ಹೊಳ್ಳರ ಎಂದದ್ದು ಬಿಟ್ಟರೆ ನನ್ನನ್ನು ನೀ ಎಂದೇ ಕರೆದವರು ಅವರು. "ಮೌಶಿ, ಎಂತಕ್ಕೆ ಹೀಗೆ ಮಾತಾಡ್ತೀರಿ?" ಎಂದೆ. "ನಿಮಗೆ ಅರ್ಥವಾಗಬೇಕಲ್ಲ" ಎಂದರು. ಚುಚ್ಚಿ ಹೇಳಿದರೋ, ನಾನು ಹೂಡಿದ ಸುಳ್ಳನ್ನು ನನಗಾಗಿ ಕಾಪಾಡುತ್ತಿದ್ದರೋ, ದನಿಯಲ್ಲಿ ಗೊತ್ತಾಗಲಿಲ್ಲ. ಚುಚ್ಚಿದ್ದರೆ ಒಳ್ಳೆಯದಿತ್ತು.

ಕಾರನ್ನು ಎಳೆದು ತಂದವರಿಗೆ ಚೀಲ ಸಿಕ್ಕಿತ್ತು. ಗುಂಪಿನವರು ಹನ್ನೊಂದು ಚೌಕಗಳನ್ನೂ ತೊಳೆದು, ಆರಿಸಿ, ಇಸ್ತ್ರಿ ಹಾಕಿದರು. ಕೆಸರಿನ ಕಲೆ ಅಲ್ಲಲ್ಲಿ ಉಳಿಯಿತು. ಹನ್ನೆರಡನೆಯದನ್ನು ನಾನೇ ಹೊಲಿಯಬೇಕೆಂದು ಎಲ್ಲರೂ ಹೇಳಿದರು. ಅವರ ದೃಷ್ಟಿಯಲ್ಲಿ ನಾನು ಮೌಶಿಯ ಕೈ ಹಿಡಿದು ಉಳಿಸಿದವಳು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಹೊಲಿದೆ. ಸೊಟ್ಟ ಬಂತು, ಮೂಲೆಗಳು ಒಂದಕ್ಕೊಂದು ಕೂಡಲಿಲ್ಲ. ಹನ್ನೆರಡನ್ನೂ ಜೋಡಿಸಿದ ಕ್ವಿಲ್ಟನ್ನು ಮಡಿಚಿ ಮೆಲ್ಬೋರ್ನಿಗೆ ತೆಗೆದುಕೊಂಡು ಹೋದಾಗ, ಇವತ್ತು ಹೇಳಿಬಿಡುತ್ತೇನೆ ಎಂದು ನಿರ್ಧರಿಸಿಯೇ ಹೋಗಿದ್ದೆ.

ಮೌಶಿ ಸೋಫಾದ ಮೂಲೆಯಲ್ಲಿ ಕೂತಿದ್ದರು, ಸಣ್ಣಗಾಗಿದ್ದರು. ಮೊಮ್ಮಗಳು, ಒಂಬತ್ತು ಹತ್ತರ ಹುಡುಗಿ, ಶಾಲೆಯಿಂದ ಬಂದವಳು ಏನೋ ಕೇಳಿದಳು. ಮೌಶಿ ಇಂಗ್ಲಿಷಿನಲ್ಲಿ, ತಪ್ಪಾಗದಂತೆ ತಡೆದು ತಡೆದು ಉತ್ತರ ಕೊಟ್ಟರು. ಮಗಳು ಹೆಮ್ಮೆಯಿಂದ, "ಆಕ್ಸಿಡೆಂಟ್ ಆದ ಮೇಲೆ ಅಮ್ಮನ ಇಂಗ್ಲಿಷ್ ಎಷ್ಟು ಇಂಪ್ರೂವ್ ಆಗಿದೆ ನೋಡಿ" ಎಂದಳು. ನಾನು ಕ್ವಿಲ್ಟ್ ಬಿಡಿಸಿ ಅವರ ತೊಡೆಯ ಮೇಲೆ ಹರಡಿದೆ. ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ಹನ್ನೆರಡನೆಯ ಚೌಕದ ಮೇಲೆ ಇಟ್ಟರು. ಕೂಡದ ಮೂಲೆಗಳ ಮೇಲೆ ಆ ನಡುಬೆರಳು ನಿಧಾನವಾಗಿ ಹೋಯಿತು. ಕಿತ್ತು ಹೊಸದಾಗಿ ಹೊಲಿ, ಇದೇನು ಹೊಲಿಗೆಯೋ ಗೋಣಿಚೀಲವೋ ಎಂದು ಬೈಯಲಿ ಎಂದು ಕಾದೆ.

"ಬಹಳ ಚೆನ್ನಾಗಿ ಹೊಲಿದಿದ್ದೀರಿ" ಎಂದರು.

ನಾನು ಊಟ ಮಾಡಿ, ರೈಲು ಹತ್ತಿ, ಬಸ್ಸು ಬದಲಿಸಿ, ಏರ್‌ಪೋರ್ಟಿಗೆ ಹೋದೆ. ಹೇಳಲಿಲ್ಲ.

ಅಪಘಾತವಾಗಿ ಎರಡು ವರ್ಷದ ಮೇಲೆ, ಚಳಿಗಾಲದಲ್ಲಿ, ನ್ಯುಮೋನಿಯಾ ಆಗಿ ಮೌಶಿ ತೀರಿಕೊಂಡರು. ಮಗಳು ಫೋನ್ ಮಾಡಿ, ಹದಿಮೂರನೆಯ ದಿನ ಮನೆಯಲ್ಲಿ ಎಲ್ಲರೂ ಸೇರುತ್ತೇವೆ, ನೀವು ಅಮ್ಮನ ಬಗ್ಗೆ ಎರಡು ಮಾತಾಡಬೇಕು ಎಂದಳು. ಹೋದೆ. ಫೋಟೋದ ಮುಂದೆ ನಿಂತು ಬೆರಳಿನ ಕುಳಿಗಳ ಬಗ್ಗೆ ಹೇಳಿದೆ, ಇರುವೆಯ ಮಾತು ಹೇಳಿದೆ. ಜನ ನಕ್ಕರು, ಕಣ್ಣೊರೆಸಿಕೊಂಡರು. ಹಳ್ಳದ ದಿನಕ್ಕೆ ಬರುವ ಮುಂಚೆ ನಾನು ಕೂತುಬಿಟ್ಟದ್ದನ್ನು ದುಃಖ ಎಂದು ತಿಳಿದರು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಮಗಳು ಸ್ಟೀಲ್ ಲೋಟಗಳನ್ನು ತೊಳೆಯುತ್ತಿದ್ದಳು. ನಾನು ಒರೆಸುತ್ತಿದ್ದೆ. ಮೊಮ್ಮಗಳು ಅಲ್ಲೇ ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು.

"ಆ ಶಬ್ದ ನಂಗೆ ಗೊತ್ತಿತ್ತು" ಎಂದೆ. ಮುನ್ನುಡಿ ಹುಡುಕಿದ್ದರೆ ಮತ್ತೆ ಹೇಳುತ್ತಿರಲಿಲ್ಲ. "ಹೊಳ್ಳಸು ಅಂದ್ರೆ ತಿರುಗಿಸು ಅಂತ ಮೌಶಿಯೇ ಕಲಿಸಿದ್ದು. ಅವತ್ತು ನಾನು ಅವರಿಗೆ ಉತ್ತರ ಕೂಡ ಕೊಟ್ಟೆ, ಈಗ ತಿರುಗಿಸಿದ್ರೆ ತಡ ಆಗ್ತದೆ ಅಂತ. ಪೊಲೀಸಿನವರಿಗೆ ಸುಳ್ಳು ಹೇಳಿದೆ. ನಿಮಗೂ."

ಅವಳು ನಲ್ಲಿ ನಿಲ್ಲಿಸಿದಳು. "ಎಷ್ಟು ಸಲ ಅಂದ್ಲು?"

"ನಾಲ್ಕು."

ಕೈಯಲ್ಲಿದ್ದ ಲೋಟವನ್ನು ಸಿಂಕಿನಲ್ಲಿ ಬಿಟ್ಟಳು. ಬೈಯುತ್ತಾಳೆ, ಹೊರಗೆ ಹೋಗು ಎನ್ನುತ್ತಾಳೆ ಎಂದು ನಾನು ಒರೆಸುವ ಬಟ್ಟೆಯನ್ನು ಕೆಳಗಿಟ್ಟೆ. ಅವಳು ನನ್ನ ಕಡೆ ನೋಡದೆಯೇ ಅಂದಳು, "ಈ ಮನ್ಯಾಗ ನನ್ನ ಜೋಡಿ ಕನ್ನಡ ಆಡಬ್ಯಾಡ ಅಂದಿದ್ದೆ ನಾ ಆಕಿಗೆ. ಇನ್ನೊಂದ ಸಲ ಹಂಗ ಆಗಬಾರದು ಅಂತ. ಮೊಮ್ಮಗಳ ಜೋಡಿನೂ ಬ್ಯಾಡ ಅಂದೆ. ಆಕಿ ಹೂಂ ಅಂದ್ಲು. ಕಡೀತನಕಾ ಆಡಲಿಲ್ಲ."

ಆಮೇಲೆ ಸ್ಟೂಲಿನ ಮೇಲಿದ್ದ ತನ್ನ ಮಗಳ ಕಡೆ ತಿರುಗಿ, ನನಗೆ ಹೇಳಿದಳು, "ಈಕಿಗೆ ಹೇಳ್ರಿ. ಇಂಗ್ಲಿಷ್‌ನಾಗ ಹೇಳ್ರಿ, ತಿಳಿಯೂ ಹಂಗ. ಅಜ್ಜಿ ಏನ ಮಾಡಿದ್ಲು, ನೀವು ಏನ ಮಾಡಿದ್ರಿ."

ಹೇಳಿದೆ. ಅಜ್ಜಿ ಸರಿಯಾಗಿಯೇ ಹೇಳಿದ್ದರು, ನನಗೆ ಅರ್ಥವಾಗಿತ್ತು, ನಾನು ಕೇಳಲಿಲ್ಲ, ಆಮೇಲೆ ಸುಳ್ಳು ಹೇಳಿದೆ, ಅಜ್ಜಿ ಅದನ್ನು ಕೇಳಿಯೂ ತಾವೇ ಸಾರಿ ಅಂದರು. ಇಂಗ್ಲಿಷಿನಲ್ಲಿ ಎಷ್ಟು ಚಿಕ್ಕ ಚಿಕ್ಕ ವಾಕ್ಯಗಳು. ಹುಡುಗಿ ಕಾಲು ಆಡಿಸುವುದನ್ನು ನಿಲ್ಲಿಸಿ ಗಮನವಿಟ್ಟು ಕೇಳಿದಳು. ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು.

"ದೆನ್ ವೈ ಡಿಡ್ ಅಜ್ಜಿ ಸೇ ಸಾರಿ?"

ಅವಳ ಅಮ್ಮ ನನ್ನ ಕಡೆ ತಿರುಗಿದಳು. ಉತ್ತರ ಕೊಡಬೇಕಾದವಳು ನಾನೇ.

"ಫಾರ್ ಮೀ" ಎಂದೆ.